ಕಲಿತ ಶಾಲೆಯ ಋಣ

ಚಿತ್ರದುರ್ಗ ಜಿಲ್ಲೆಯಲ್ಲಿ ದೊರೆತಿರುವ ಬರಹಗಳಲ್ಲೆಲ್ಲ ಅತ್ಯಂತ ಹಳೆಯವು ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲಿವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆರೆಹೊರೆಯ ಸ್ಥಳಗಳಲ್ಲಿ ಕೆತ್ತಿರುವ ಈ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದರು. ರಾಜಾಜ್ಞೆಯೆಂದರೆ ಕಂದಾಯ, ದಂಡನೆ, ಗಡಿಗಳ ಮಾತೇ ಇರಬೇಕೆಂದು ನಾವು ಎಣಿಸುವುದು ಸಹಜ. ಬ್ರಹ್ಮಗಿರಿಯ ಬಂಡೆಯಾದರೋ ತಂದೆತಾಯಿಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದು ಹೇಳಿ, ಆ ಮಾತಿನ ಜೊತೆಜೊತೆಗೇ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದು ವಿಧಿಸುತ್ತದೆ. ಇದು ಇಂದು ಮಾಡಿದ ಕಟ್ಟಳೆಯಲ್ಲ, ಪುರಾತನವಾದ ನಡವಳಿಕೆ, ಆಯುಸ್ಸನ್ನು ಬೆಳೆಸತಕ್ಕದ್ದು ಎಂಬ ಒಕ್ಕಣೆಯೂ ಅಲ್ಲಿದೆ. ನಮಗಿಂತ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನವರಿಗೇ ಅದು ಪುರಾತನವಾಗಿತ್ತೆಂಬುದನ್ನು ಓದುಗರು ಗಮನಿಸಬೇಕು.

ಗೌರವಿಸಬೇಕೆಂದು ಬಂಡೆ ಹೇಳಿತು, ಹೇಗೆಂದು ಹೇಳಲಿಲ್ಲ. ಆ ಪ್ರಶ್ನೆಯನ್ನು ನಮ್ಮ ನಾಡು ಕಾಲಕಾಲಕ್ಕೆ ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡಿದೆ. ಇಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ರಜೆಯ ಭಾನುವಾರ ಬಂತೆಂದರೆ ಎಲ್ಲಿಯಾದರೂ ಒಂದು ‘ಗುರುವಂದನೆ’ ನಡೆಯುತ್ತಿರುತ್ತದೆ. ಇಪ್ಪತ್ತೈದು, ಮೂವತ್ತು ವರ್ಷಗಳ ಹಿಂದೆ ಒಂದೇ ತರಗತಿಯಲ್ಲಿ ಕುಳಿತವರು ಒಟ್ಟುಗೂಡಿ, ತಮಗೆ ಪಾಠ ಹೇಳಿದವರನ್ನು ಕರೆಸಿ, ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ಕೊಟ್ಟು, ಊಟ ಹಾಕಿ, ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಉಪಾಧ್ಯಾಯ ವೃತ್ತಿಯಲ್ಲಿರುವ ನಾನೂ ಅಂಥ ಶಾಲುಗಳನ್ನು ಹೊದೆದವನೇ. ಆ ಪ್ರೀತಿ ನಿಜವಾದದ್ದು. ಅದನ್ನು ಹಗುರ ಮಾಡುವ ಅಭಿಪ್ರಾಯ ನನ್ನದಲ್ಲ. ಆದರೆ ಸಮಾರಂಭ ಮುಗಿದ ಮರುದಿನ ಸೋಮವಾರ. ಅದೇ ಶಾಲೆಯ ಬಾಗಿಲು ತೆರೆದಾಗ ಒಳಗೆ ಬರುವ ಮಗುವಿಗೆ ಆ ಭಾನುವಾರದಿಂದ ಏನು ಸಿಕ್ಕಿತು? ಈ ಪ್ರಶ್ನೆಯನ್ನು ಇಟ್ಟುಕೊಂಡು ಹಿಂದಿನವರು ನಡೆದ ದಾರಿಯನ್ನು ಸ್ವಲ್ಪ ನೋಡಿಬರೋಣ.

ನಮ್ಮ ಸ್ಮೃತಿಕಾರರು ಗುರುದಕ್ಷಿಣೆಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಕಂಡಿದ್ದರು. ಓದು ಮುಗಿಯುವುದಕ್ಕೆ ಮುಂಚೆ ಶಿಷ್ಯನು ಗುರುವಿಗೆ ಏನನ್ನೂ ಕೊಡಕೂಡದು. ಮುಗಿದ ಮೇಲೆ ಕೈಲಾದದ್ದನ್ನು ಕೊಡಬೇಕು ಎಂಬುದು ಮನುವಿನ ಮಾತು. ಹೊಲ, ಚಿನ್ನ, ಹಸುಗಳಿಂದ ಹಿಡಿದು ಕೊಡೆ, ಕೆರ, ಧಾನ್ಯ, ಸೊಪ್ಪುಸದೆಯವರೆಗೆ ಆ ಪಟ್ಟಿ ಇಳಿಯುತ್ತದೆ. ಕೊಡುವವನ ಶಕ್ತಿಗೆ ತಕ್ಕಂತೆ ಪಟ್ಟಿಯೂ ಬಾಗಿದೆ. ಕಲಿಯುತ್ತಿರುವವನಿಂದ ಕೇಳಬಾರದು, ಕಲಿತವನು ಮರೆಯಬಾರದು ಎಂಬುದೇ ಇದರ ತಾತ್ಪರ್ಯ.

ಕಾಳಿದಾಸನ ರಘುವಂಶದಲ್ಲಿ ಕೌತ್ಸನ ಕಥೆ ಬರುತ್ತದೆ. ನಿನ್ನ ಸೇವೆಯೇ ಸಾಕೆಂದ ಗುರುವನ್ನು ಕೌತ್ಸನು ಮತ್ತೆ ಮತ್ತೆ ಕಾಡಿದಾಗ ಗುರುವಿಗೆ ಕೋಪ ಬಂದು, ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತಾ ಎಂದುಬಿಟ್ಟನು. ಕೌತ್ಸನು ರಘುಮಹಾರಾಜನಲ್ಲಿಗೆ ಬಂದರೆ, ಯಜ್ಞದಲ್ಲಿ ಸರ್ವಸ್ವವನ್ನೂ ದಾನಮಾಡಿದ್ದ ರಾಜನ ಕೈಯಲ್ಲಿ ಮಣ್ಣಿನ ಪಾತ್ರೆ ಮಾತ್ರ ಉಳಿದಿತ್ತು. ಕೊನೆಗೆ ಕುಬೇರನಿಂದ ಹೊನ್ನು ಬಂದಾಗ ರಾಜನು ಎಲ್ಲವನ್ನೂ ತೆಗೆದುಕೊಂಡು ಹೋಗೆಂದನು. ಕೌತ್ಸನು ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಕಾಸನ್ನೂ ಹೆಚ್ಚಿಗೆ ಮುಟ್ಟಲಿಲ್ಲ. ಊರಿನವರು ಇಬ್ಬರನ್ನೂ ಕೊಂಡಾಡಿದರು. ಬೇಡುವವನು ತನಗಾಗಿ ಬೇಡದಿದ್ದರೆ, ಕೊಡುವವನು ಅಳೆದು ಕೊಡದಿದ್ದರೆ, ಆ ವ್ಯವಹಾರಕ್ಕೆ ಒಂದು ಕಾಂತಿ ಬರುತ್ತದೆ. ಇದಕ್ಕೆ ತೀರ ಎದುರಾದದ್ದು ಏಕಲವ್ಯನ ಕಥೆ. ಪಾಠವನ್ನೇ ಹೇಳದ ಗುರು ಶಿಷ್ಯನ ಹೆಬ್ಬೆರಳನ್ನು ಕೇಳಿದನು. ಕೇಳಬಾರದ ದಕ್ಷಿಣೆಯೂ ಉಂಟೆಂಬುದನ್ನು ಶಾಲೆಗೆ ಹಣ ಕೂಡಿಸುವವರು ನೆನಪಿನಲ್ಲಿಡಬೇಕು.

ಪುರಾಣಕಾವ್ಯಗಳಿಂದ ಚರಿತ್ರೆಗೆ ಇಳಿಯೋಣ. ಚಿತ್ರದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ೧೯೨೯ರಲ್ಲಿ ಓದಿ ತಿಳಿಸಿದ ಕದಂಬ ಮಯೂರಶರ್ಮನ ಪುಟ್ಟ ಶಾಸನವಿದೆ. ಆತನು ಕೆರೆಯನ್ನು ಕಟ್ಟಿಸಿದ ವಿಷಯ ಅದರಲ್ಲಿದೆ. ಈ ಮಯೂರಶರ್ಮ ಯಾರು? ತಾಳಗುಂದದ ಕಂಬದ ಶಾಸನದ ಪ್ರಕಾರ, ಕಂಚಿಯ ಘಟಿಕೆಯಲ್ಲಿ ವ್ಯಾಸಂಗ ಮಾಡಲೆಂದು ಗುರುವಿನೊಡನೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಓದನ್ನು ಬಿಟ್ಟು ಕತ್ತಿ ಹಿಡಿದು ರಾಜ್ಯ ಕಟ್ಟಿದವನು. ಓದು ಅರ್ಧಕ್ಕೆ ನಿಂತ ವಿದ್ಯಾರ್ಥಿಯೂ ದೊಡ್ಡವನಾದ ಮೇಲೆ ನೆಲಕ್ಕೆ ನೀರು ಕೊಟ್ಟನೆಂಬುದು ನಮ್ಮ ಊರಿನ ಬಂಡೆಯೇ ಹೇಳುವ ಮಾತು. ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಎಣಿಸುವಾಗ ನಾವು ತೇರ್ಗಡೆಯಾದವರನ್ನು ಮಾತ್ರ ಎಣಿಸುತ್ತೇವೆ. ಹತ್ತನೆಯ ತರಗತಿಯಲ್ಲಿ ನಿಂತುಹೋದವನು, ಮನೆಯ ಕಷ್ಟಕ್ಕೆ ಏಳನೆಯದಕ್ಕೇ ಬಿಟ್ಟವಳು ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ಇದು ಸರಿಯಲ್ಲ.

ಒಬ್ಬ ರಾಜನ ಔದಾರ್ಯ ಒಂದು ತಲೆಮಾರಿನದು. ಶಾಲೆಯಾದರೋ ವರ್ಷವರ್ಷವೂ ನಡೆಯಬೇಕಾದದ್ದು. ಇದಕ್ಕೆ ಉಪಾಯ ಕಂಡವರು ವಿಜಾಪುರ ಸೀಮೆಯ ಸಾಲೋಟಗಿಯವರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬುವನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದ್ದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಕ್ರಿಸ್ತಶಕ ೯೪೫ರ ಶಾಸನದಲ್ಲಿ ಆ ಊರಿನವರು ಮಾಡಿಕೊಂಡ ಒಂದು ಕಟ್ಟು ಇದೆ. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯ ಸಲ್ಲಬೇಕೆಂಬುದು ಆ ಕಟ್ಟು. ಎಷ್ಟು ವಿವೇಕದ ಲೆಕ್ಕ ನೋಡಿ! ಮನಸ್ಸು ಅರಳಿರುವ ದಿನದಲ್ಲಿ ಕೇಳಿದ್ದಾರೆ, ಸ್ವಲ್ಪವೇ ಕೇಳಿದ್ದಾರೆ, ಎಲ್ಲರಿಂದಲೂ ಕೇಳಿದ್ದಾರೆ. ಊರಿನಲ್ಲಿ ಮದುವೆಗಳು ನಿಲ್ಲುವವರೆಗೆ ಶಾಲೆಯ ಆದಾಯವೂ ನಿಲ್ಲುವಂತಿರಲಿಲ್ಲ. ಆ ಕಾಲದ ಶಾಲೆಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಉಪಾಯ ಒಳ್ಳೆಯದು, ಅದರ ಫಲವನ್ನು ಉಣ್ಣುವವರ ಪಂಕ್ತಿ ದೊಡ್ಡದಾಗಬೇಕಿತ್ತು.

ಇನ್ನು ನಮ್ಮ ಅಜ್ಜಂದಿರ ಕಾಲದ ಕೂಲಿಮಠಗಳು. ಸರ್ಕಾರದ ಶಾಲೆಗಳು ಬರುವ ಮುಂಚೆ ಊರೂರಿನಲ್ಲಿ ಐಗಳು ಜಗಲಿಯ ಮೇಲೆಯೋ ಗುಡಿಯ ಕೈಸಾಲೆಯಲ್ಲಿಯೋ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಹಾನವಮಿ ಬಂದರೆ ಹುಡುಗರಿಗೆ ಒಳ್ಳೆಯ ಬಟ್ಟೆ ತೊಡಿಸಿ, ಕೈಗೆ ಹೂವಿನ ಕೋಲನ್ನೋ ಬಿಲ್ಲನ್ನೋ ಕೊಟ್ಟು, ಮನೆಯಿಂದ ಮನೆಗೆ ಕರೆದೊಯ್ದು ಚೌಪದ ಹೇಳಿಸುವರು. ಮನೆಯವರು ಧಾನ್ಯ, ಕಾಸು, ಬಟ್ಟೆ ಏನಾದರೂ ಕೊಡುವರು. ಮೇಲೆ ನೋಡಿದರೆ ಇದು ಐಗಳ ವರ್ಷಾಶನದ ದಾರಿ. ಒಳಹೊಕ್ಕು ನೋಡಿದರೆ ಊರಿನ ಮುಂದೆ ಶಾಲೆ ಒಪ್ಪಿಸುತ್ತಿದ್ದ ಲೆಕ್ಕ. ಯಾವ ಹುಡುಗನ ನಾಲಗೆ ತಿರುಗಿದೆ, ಯಾರಿಗೆ ಪದ್ಯ ಬಾಯಿಗೆ ಬಂದಿದೆ ಎಂಬುದನ್ನು ಹೊಸಿಲಲ್ಲಿ ನಿಂತ ಮುದುಕಿಯೂ ತೀರ್ಮಾನಿಸಬಹುದಾಗಿತ್ತು. ಕೊಡುವುದಕ್ಕೆ ಮೊದಲು ಕೇಳುವ ಹಕ್ಕು ಊರಿಗಿತ್ತು.

ಮೈಸೂರು ಸಂಸ್ಥಾನದಲ್ಲಿ ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದಾಗ, ಅದನ್ನು ಹಾಕಿದವರು ಆಗ ವಿದ್ಯಾ ಇಲಾಖೆಯಲ್ಲಿದ್ದ ಅದೇ ರೈಸ್ ಅವರು. ಊರಿನವರು ಶಾಲೆಗೆ ತಕ್ಕ ಕಟ್ಟಡವನ್ನು ಒದಗಿಸಿಕೊಟ್ಟರೆ ಸರ್ಕಾರ ಉಪಾಧ್ಯಾಯರನ್ನು ಕೊಡುವುದೆಂಬುದು ಅದರ ಮುಖ್ಯವಾದ ಏರ್ಪಾಡು. ಆದ್ದರಿಂದ ನಮ್ಮ ಸೀಮೆಯ ಹಳೆಯ ಶಾಲೆಗಳು ಬರಿಯ ಸರ್ಕಾರದ ದಾನವಲ್ಲ. ಅವುಗಳ ಗೋಡೆಯಲ್ಲಿ ಊರಿನ ಕಲ್ಲೂ ತೊಲೆಯೂ ಸೇರಿವೆ. ಪಟ್ಟಣಕ್ಕೆ ಓದಲು ಬಂದ ಹಳ್ಳಿಯ ಬಡ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಊಟ ಹಾಕಿದ ತಾಯಂದಿರ ಹೆಸರು ಯಾವ ದಾನಿಗಳ ಫಲಕದಲ್ಲಿಯೂ ಇಲ್ಲ. ಏಳು ಮನೆಯ ಅನ್ನ ಉಂಡು ಅಮಲ್ದಾರನೋ ವಕೀಲನೋ ಆದವನು ಆ ಏಳು ಮನೆಗಳಿಗೆ ಋಣವನ್ನು ಹೇಗೆ ತೀರಿಸಬೇಕು? ಅವನು ತನ್ನ ಮನೆಯಲ್ಲಿ ಒಬ್ಬ ಹುಡುಗನಿಗೆ ವಾರ ಇಡುತ್ತಿದ್ದನು. ಋಣ ತೀರುತ್ತಿದ್ದ ಕ್ರಮ ಇದು, ಹಿಂದಕ್ಕಲ್ಲ, ಮುಂದಕ್ಕೆ.

ಈ ವಾರಾನ್ನವೂ ಸಾಮಾನ್ಯವಾಗಿ ಅವರವರ ಜಾತಿಯ ಮನೆಗಳಲ್ಲೇ ದೊರೆಯುತ್ತಿತ್ತು. ಹಾಗೆ ಕರೆಯುವ ಮನೆಯೇ ಇಲ್ಲದ ಮಕ್ಕಳಿಗೆ ಯಾರು ಗತಿ? ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸಕ್ಕೆ ಸಂಸ್ಥೆಗಳು ಬಂದವು. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳು ೧೯೦೩ರಿಂದ ೧೯೫೬ರವರೆಗೆ ಪೀಠದಲ್ಲಿದ್ದು, ಹಲವು ಊರುಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳಿಗೆ ಆಧಾರವಾದರು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು (೧೯೧೪–೧೯೯೨) ಪ್ರೌಢಶಾಲೆಯನ್ನು ಪಟ್ಟಣದಿಂದ ಹಳ್ಳಿಗೆ ಕರೆತಂದರು. ಅವರ ಶಿಷ್ಯರಾದ ಪಂಡಿತಾರಾಧ್ಯ ಸ್ವಾಮಿಗಳು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಗುರುವಿನ ಹೆಸರಿನಲ್ಲಿಯೇ ಕಲಾಸಂಘವನ್ನು ಕಟ್ಟಿ, ೧೯೯೭ರಲ್ಲಿ ‘ಶಿವಸಂಚಾರ’ವೆಂಬ ನಾಟಕ ತಂಡವನ್ನು ಊರೂರಿಗೆ ಕಳುಹಿಸಲಾರಂಭಿಸಿದರು. ಗುರುವಿನ ಹೆಸರನ್ನು ಕಲ್ಲಿನಲ್ಲಿ ನಿಲ್ಲಿಸುವುದಕ್ಕಿಂತ ನಡೆದಾಡುವ ಕೆಲಸದಲ್ಲಿ ನಿಲ್ಲಿಸುವುದು ಮೇಲೆಂಬುದಕ್ಕೆ ಇದು ಒಂದು ಸಾಕ್ಷಿ.

ಈ ಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ. ಕರಾವಳಿಯ ಬಾರಕೂರಿನ ಕಡೆಯಿಂದ ಬಂದ ರಾಘವೇಂದ್ರ ಸ್ವಾಮಿಗಳು ಯೋಗಾಸನ, ವ್ಯಾಯಾಮಗಳನ್ನು ಕಲಿಸುತ್ತ ಊರೂರು ತಿರುಗಿದವರು, ಆಯುರ್ವೇದವನ್ನು ಬಲ್ಲವರು. ೧೯೪೩ರಲ್ಲಿ ಮಲ್ಲಾಡಿಹಳ್ಳಿಯಲ್ಲಿ ನೆಲೆಸಿ ಅನಾಥ ಸೇವಾಶ್ರಮವನ್ನು ಕಟ್ಟಿದರು. ೧೯೯೬ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಆ ಸಣ್ಣ ಹಳ್ಳಿಯಲ್ಲಿ ಪ್ರೌಢಶಾಲೆ, ಕಾಲೇಜು, ಉಪಾಧ್ಯಾಯರ ತರಬೇತಿ, ವ್ಯಾಯಾಮ ಶಿಕ್ಷಣ, ಆಯುರ್ವೇದ ವೈದ್ಯ ವಿದ್ಯಾಲಯ, ಆಸ್ಪತ್ರೆಗಳು ನಿಂತಿದ್ದವು. ಇಷ್ಟಕ್ಕೂ ಬಂಡವಾಳವೇನು? ಒಂದು ಜೋಳಿಗೆ. ಅವರು ಸಾಹಿತ್ಯಕ್ಕೆ ಇಟ್ಟುಕೊಂಡ ಹೆಸರು ‘ತಿರುಕ’. ಆತ್ಮಕಥೆಗೆ ಇಟ್ಟ ಹೆಸರು ‘ಜೋಳಿಗೆಯ ಪವಾಡ’.

ತಿರುಕನೆಂಬುದು ನಮ್ಮ ಮಾತಿನಲ್ಲಿ ಬೈಗುಳಕ್ಕೆ ಹತ್ತಿರವಾದ ಶಬ್ದ. ಅದನ್ನೇ ಹೆಸರಾಗಿ ಧರಿಸಿದವರಿಗೆ ಬೇಡುವುದರ ನಾಚಿಕೆ ಉಳಿಯಲಿಲ್ಲ. ಏಕೆಂದರೆ ಜೋಳಿಗೆಯೊಳಗೆ ಬಿದ್ದದ್ದು ಅವರ ಮನೆಗೆ ಹೋಗುತ್ತಿರಲಿಲ್ಲ. ಅವರಿಗೆ ಮನೆಯೇ ಇರಲಿಲ್ಲ. ಇದರ ಜೊತೆಗೆ ಇನ್ನೊಂದನ್ನು ಕಾಣಬೇಕು. ಅವರು ಬರಿಗೈಯಲ್ಲಿ ಬೇಡಲಿಲ್ಲ. ಊರಿಗೆ ಹೋದರೆ ಶಿಬಿರ ನಡೆಸಿ ಆಸನ ಕಲಿಸಿದರು. ರೋಗಿ ಬಂದರೆ ಔಷಧ ಕೊಟ್ಟರು. ಹೀಗೆ ಎಲ್ಲೆಲ್ಲಿ ಕಲಿಸಿದರೋ ಅಲ್ಲೆಲ್ಲ ಅವರ ಶಿಷ್ಯರಿದ್ದರು. ಮಲ್ಲಾಡಿಹಳ್ಳಿಯನ್ನು ಎಂದೂ ನೋಡದವನೂ ಆ ಸಂಸ್ಥೆಯ ಹಳೆಯ ವಿದ್ಯಾರ್ಥಿಯಾದನು. ಮೊದಲು ಕೊಟ್ಟು ಆಮೇಲೆ ಬೇಡುವುದು. ಬೇಡಿದ್ದನ್ನು ಕಣ್ಣಿಗೆ ಕಾಣುವಂತೆ ಮಕ್ಕಳ ಅನ್ನಕ್ಕೂ ಅಕ್ಷರಕ್ಕೂ ಹಚ್ಚುವುದು. ಪವಾಡವೆಂದರೆ ಇಷ್ಟೇ, ಆದರೆ ಇಷ್ಟನ್ನು ಐವತ್ತು ವರ್ಷ ತಪ್ಪದೆ ಮಾಡುವುದು ಸಾಮಾನ್ಯವಲ್ಲ.

ಹೊರಗಿನ ಪ್ರಪಂಚದಲ್ಲಿಯೂ ಇದೇ ಪಾಠ ಕಾಣುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಆ ಹೆಸರು ಬಂದದ್ದು ನಮ್ಮ ನೆರೆಯ ಮದರಾಸಿನ ಕೋಟೆಯಲ್ಲಿ ೧೬೮೭ರಿಂದ ೧೬೯೨ರವರೆಗೆ ಗವರ್ನರನಾಗಿದ್ದ ಎಲಿಹು ಯೇಲನಿಂದ. ಅವನು ಅಲ್ಲಿ ಓದಿದವನಲ್ಲ. ೧೭೧೮ರಲ್ಲಿ ಅವನು ಕಳುಹಿಸಿದ ಸರಕನ್ನು ಮಾರಿ ಬಂದ ಐನೂರು ಚಿಲ್ಲರೆ ಪೌಂಡುಗಳಿಗೆ ಹೆಸರು ಶಾಶ್ವತವಾಯಿತು. ಆದರೆ ವಿದ್ಯಾಲಯದ ಬೆಳವಣಿಗೆಗೆ ಒಬ್ಬನ ಹೆಸರು ಸಾಲಲಿಲ್ಲ. ಹಳೆಯ ವಿದ್ಯಾರ್ಥಿಗಳು ವರ್ಷವರ್ಷವೂ ಕೈಲಾದಷ್ಟನ್ನು ಹಾಕತಕ್ಕ ನಿಧಿಯನ್ನು ೧೮೯೦ರಲ್ಲಿ ಆರಂಭಿಸಬೇಕಾಯಿತು. ಸಾಲೋಟಗಿಯವರು ಒಂಬತ್ತುನೂರು ವರ್ಷ ಮುಂಚೆ ಕಂಡುಕೊಂಡ ಉಪಾಯವೇ ಅದು! ಹೆಸರಿನ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಕೈಕಸಬಿನ ವಿದ್ಯಾಲಯಕ್ಕೆಂದು ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರು ಬೇಡವೆಂದರು. ಅದು ಜಯಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ೧೯೪೩ರಲ್ಲಿ ತೆರೆಯಿತು.

ಹಣವಿಲ್ಲದವರ ಕಾಣಿಕೆಯೂ ಇದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ ಹೋಗಿ ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರು (೧೮೮೫–೧೯೩೯) ಕುವೆಂಪು ಅವರ ಗುರುಗಳು. ಗುರುಗಳು ತೀರಿಕೊಂಡು ಹತ್ತು ವರ್ಷಗಳ ಮೇಲೆ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಶಿಷ್ಯರು ಅವರಿಗೇ ಅರ್ಪಿಸಿದರು. ಕಾವ್ಯವನ್ನು ತೆರೆದವರೆಲ್ಲರೂ ಮೊದಲು ಗುರುವನ್ನು ಕಂಡು ಒಳಹೋಗಬೇಕು. ಎಲ್ಲರೂ ಮಹಾಕಾವ್ಯ ಬರೆಯಲಾರರು. ಆದರೆ ವೈದ್ಯರಾದವರು ವರ್ಷಕ್ಕೊಂದು ದಿನ ಮಕ್ಕಳ ಕಣ್ಣು ಹಲ್ಲು ನೋಡಬಹುದು. ಎಂಜಿನಿಯರಾದವರು ಮಳೆಗೆ ಮುಂಚೆ ಛಾವಣಿ ನೋಡಿಹೋಗಬಹುದು. ಬೇಸಾಯಗಾರ ಬಿಸಿಯೂಟಕ್ಕೆ ತರಕಾರಿ ತಂದಿಡಬಹುದು. ಮನುವಿನ ಪಟ್ಟಿಯಲ್ಲಿ ಸೊಪ್ಪಿಗೂ ಸ್ಥಾನವಿತ್ತಲ್ಲವೆ?

ಈಗ ಕಾಲ ಬದಲಾಗಿದೆ, ಶಾಲೆ ನಡೆಸುವುದು ಸರ್ಕಾರದ ಹೊಣೆ, ನಮಗೇಕೆ ಎನ್ನುವವರಿದ್ದಾರೆ. ಹೊಣೆ ಸರ್ಕಾರದ್ದೇ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಅದನ್ನು ಸ್ಪಷ್ಟಪಡಿಸಿದೆ, ಅದು ಸಡಿಲವಾಗಕೂಡದು. ೨೦೨೨ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ತಂದೆತಾಯಿಗಳಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟು, ವಿರೋಧ ಬಂದ ಕೂಡಲೆ ಹಿಂದಕ್ಕೆ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಕಲಿಯುತ್ತಿರುವವರ ಮನೆಯಿಂದ ಕೇಳಬಾರದೆಂಬುದು ಹಳೆಯ ಧರ್ಮ. ಕಲಿತು ಹೋದವರನ್ನು ಕೇಳುವುದು ಬೇರೆ ಮಾತು. ಸರ್ಕಾರ ಸಂಬಳ ಕೊಡಬಲ್ಲದು, ಕೊಠಡಿ ಕಟ್ಟಬಲ್ಲದು. ‘ಈ ಬೆಂಚಿನಲ್ಲಿ ನಾನೂ ಕುಳಿತಿದ್ದೆ’ ಎಂದು ಮಗುವಿನ ಹೆಗಲ ಮೇಲೆ ಕೈಯಿಡಲಾರದು. ಅದನ್ನು ಹಳೆಯ ವಿದ್ಯಾರ್ಥಿಯೇ ಮಾಡಬೇಕು. ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಕನ್ನಡ ಶಾಲೆಗಳಿಗೆ ಅದು ಗೋಡೆಗಿಂತ ಹೆಚ್ಚಿನ ಆಸರೆ. ಕಾಲೇಜುಗಳ ಗುಣವನ್ನು ಅಳೆಯಲು ೧೯೯೪ರಲ್ಲಿ ಹುಟ್ಟಿದ ರಾಷ್ಟ್ರೀಯ ಮಂಡಳಿ ಹಳೆಯ ವಿದ್ಯಾರ್ಥಿಗಳ ಪಾತ್ರಕ್ಕೂ ಅಂಕಗಳನ್ನಿಟ್ಟಿತು. ಅಂಕಕ್ಕಾಗಿ ಹುಟ್ಟಿದ ಸಂಘ ಕಾಗದದ ಮೇಲೆ ಮಲಗುತ್ತದೆ. ಅಕ್ಕರೆಗಾಗಿ ಹುಟ್ಟಿದ್ದು ನಡೆಯುತ್ತದೆ.

ಹಿರಿಯೂರಿನವರಿಗೆ ಒಂದು ಉಪಮಾನ ಕಣ್ಣೆದುರಿಗೇ ಇದೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸ ಸಾಗರದ ಕೆಲಸ ೧೯೦೭ರಲ್ಲಿ ಮುಗಿಯಿತು. ೧೯೩೦ರ ದಶಕದಲ್ಲಿ ಒಮ್ಮೆ ತುಂಬಿದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು ೨೦೨೨ರಲ್ಲಿ, ಹೆಚ್ಚುಕಡಿಮ ತೊಂಬತ್ತು ವರ್ಷಗಳ ಮೇಲೆ. ಕಲ್ಲು ಹೊತ್ತವರಲ್ಲಿ ಯಾರೂ ಅದನ್ನು ನೋಡಲು ಉಳಿದಿರಲಿಲ್ಲ. ಆ ನೀರು ಬಂದ ಬೆಟ್ಟಕ್ಕೆ ಹಿಂದಿರುಗಲಿಲ್ಲ. ಕೆಳಗಿನ ಹೊಲಗಳಿಗೆ ಹರಿಯಿತು. ಉಪಾಧ್ಯಾಯನಿಗೆ ಸಲ್ಲಬೇಕಾದ ಋಣವೂ ಹಾಗೆ ಕೆಳಕ್ಕೆ ಹರಿಯಬೇಕಾದದ್ದು.

ಆದ್ದರಿಂದ ಗುರುವಂದನೆಗೆ ಸೇರುವ ಗೆಳೆಯರಲ್ಲಿ ನನ್ನ ಬಿನ್ನಹ ಇಷ್ಟು. ಪ್ರತಿ ಶಾಲೆಯಲ್ಲಿಯೂ ದಾಖಲಾತಿ ಪುಸ್ತಕವೊಂದಿದೆ. ಎಷ್ಟು ಹಳೆಯದಾದರೂ ಅದನ್ನು ಎಸೆಯುವಂತಿಲ್ಲ. ಸೇರಿದವರೆಲ್ಲರ ಹೆಸರು, ಊರು, ತಂದೆಯ ಹೆಸರು ಅದರಲ್ಲಿವೆ, ತೇರ್ಗಡೆಯಾದವರದೂ ಬಿಟ್ಟುಹೋದವರದೂ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಅದರಿಂದ ನಿಮ್ಮ ವರ್ಷದ ಹೆಸರುಗಳನ್ನು ಪ್ರತಿ ಮಾಡಿಕೊಳ್ಳಿರಿ. ಎಲ್ಲರನ್ನೂ ಹುಡುಕಿರಿ, ಸಂಬಳದ ಮೇಲೆ ಯಾರನ್ನೂ ಅಳೆಯಬೇಡಿರಿ. ಮಗಳ ಮದುವೆ, ಮನೆಯ ಗೃಹಪ್ರವೇಶ, ಮಗನ ಮೊದಲ ಸಂಬಳ ಎಂಬ ದಿನಗಳಲ್ಲಿ ಸಾಲೋಟಗಿಯವರಂತೆ ಸ್ವಲ್ಪವನ್ನು ಶಾಲೆಗೆ ಎತ್ತಿಡಿರಿ. ಬಂದದ್ದೆಷ್ಟು, ಯಾವ ಮಗುವಿನ ಯಾವ ಪುಸ್ತಕಕ್ಕೆ ಹೋಯಿತು ಎಂಬುದನ್ನು ವರ್ಷಕ್ಕೊಮ್ಮೆ ಶಾಲೆಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಯಿಸಿರಿ. ಹೆಸರು ಹಾಕಲೇಬೇಕೆಂದರೆ ನಿಮಗೆ ಅಕ್ಷರ ಕಲಿಸಿದವರ ಹೆಸರನ್ನೋ, ವಾರಕ್ಕೊಮ್ಮೆ ಅನ್ನ ಹಾಕಿದ ತಾಯಿಯ ಹೆಸರನ್ನೋ ಹಾಕಿರಿ.

ಶಾಲು ಬೇಡವೆಂದು ನಾನು ಹೇಳುವುದಿಲ್ಲ. ಮುದಿ ಉಪಾಧ್ಯಾಯರಿಗೆ ಚಳಿ ಹೆಚ್ಚು. ಆದರೆ ಒಂದು ಶಾಲಿನ ಬೆಲೆಗೆ ಒಂದು ಮಗುವಿಗೆ ಕನ್ನಡದ ಒಳ್ಳೆಯ ನಿಘಂಟು ಬರುತ್ತದೆ. ಮುಂದಿನ ಸಲ ಸೇರಿದಾಗ ಎರಡನ್ನೂ ತನ್ನಿರಿ. ಶಾಲನ್ನು ಭಾನುವಾರ ಹೊದಿಸಿರಿ. ನಿಘಂಟನ್ನು ಸೋಮವಾರ ತರಗತಿಗೆ ಹೋಗಿ ನಿಮ್ಮ ಕೈಯಿಂದಲೇ ಕೊಡಿರಿ.